ಇಗರ್ಜಿ, ಸಭೆ, ಚರ್ಚು: ಕೆಲವು ಪದಗಳು, ಮರೆತ ಕೆಲವು ಹೆಸರುಗಳು

ಕ್ರೈಸ್ತ ಮಿಷನರಿಗಳ ಕನ್ನಡ ಸೇವೆಯೆಂದೊಡನೆ ನಮ್ಮ ಸಾಹಿತ್ಯ ಚರಿತ್ರೆಗಳು ಎರಡು ಹೆಸರುಗಳನ್ನು ಸ್ಮರಿಸುತ್ತವೆ: 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟೆಲ್. ಈ ಗೌರವ ಸಲ್ಲತಕ್ಕದ್ದೇ. ಆದರೆ ಪತ್ರಿಕೆಯನ್ನೂ ನಿಘಂಟನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅದೇ ಪರಂಪರೆಯ ತಿರುಳಾದ ಬೈಬಲ್ ಅನುವಾದವನ್ನು ಮಾತ್ರ ಮತದ ವಿಷಯವೆಂದು ಬದಿಗಿರಿಸುವುದು ವಿಮರ್ಶೆಗೆ ಒಪ್ಪುವ ಕ್ರಮವಲ್ಲ.

ಒಂದು ಪದವನ್ನೇ ಪರಿಶೀಲಿಸೋಣ. ಗ್ರೀಕಿನ ‘ಎಕ್ಲೇಸಿಯ’ ಎಂದರೆ ಕರೆಗೆ ಓಗೊಟ್ಟು ಸೇರಿದ ಜನಸಮೂಹ. ಅಥೆನ್ಸಿನ ಪೌರರ ಸಭೆಗೂ ಅದೇ ಹೆಸರು. ಈ ಪದ ಲ್ಯಾಟಿನ್, ಪೋರ್ಚುಗೀಸ್ ಭಾಷೆಗಳನ್ನು ಹಾದು ನಮ್ಮ ಕರಾವಳಿಗೆ ‘ಇಗರ್ಜಿ’ಯಾಗಿ ಬಂದಿತು. ಅನುವಾದಕರ ಮೇಜಿನ ಮೇಲೆ ಅದೇ ಪದ ‘ಸಭೆ’ಯಾಯಿತು. ಒಂದು ದಾರಿಯಲ್ಲಿ ಧ್ವನಿ ಉಳಿಯಿತು, ಇನ್ನೊಂದರಲ್ಲಿ ಅರ್ಥ ಉಳಿಯಿತು. ಇಂಗ್ಲಿಷಿನಿಂದ ಬಂದ ‘ಚರ್ಚು’ ಬೇರೊಂದು ಗ್ರೀಕ್ ಪದದ ಸಂತಾನ. ‘ಒಡೆಯನಿಗೆ ಸೇರಿದ್ದು’ ಎಂದು ಅದರ ಮೂಲಾರ್ಥ. ಕಟ್ಟಡ, ಜನ, ಒಡೆತನ ಎಂಬ ಮೂರು ಭಾವಗಳಿಗೆ ಕನ್ನಡದಲ್ಲಿ ಹೀಗೆ ಮೂರು ಪದಗಳು ನಿಂತಿವೆ.

ನೆರೆಭಾಷೆಗಳೊಡನೆ ಬಾಳುವ ನಮಗೆ ಮತ್ತೊಂದು ಹೋಲಿಕೆ ಸುಲಭವಾಗಿ ಕಾಣುತ್ತದೆ. ತೆಲುಗು ಬೈಬಲು ‘ಬಾಪ್ತಿಸ್ಮ’ವೆಂಬ ಗ್ರೀಕ್ ಪದವನ್ನೇ ಉಳಿಸಿಕೊಂಡಿತು, ತಮಿಳು ‘ಜ್ಞಾನಸ್ನಾನ’ವೆಂದಿತು, ಕನ್ನಡ ‘ದೀಕ್ಷಾಸ್ನಾನ’ವನ್ನು ಆರಿಸಿತು. ವೀರಶೈವ, ಜೈನ ಪರಂಪರೆಗಳಲ್ಲಿ ‘ದೀಕ್ಷೆ’ಯ ತೂಕವನ್ನು ಅರಿತ ಕನ್ನಡಿಗನಿಗೆ ಇದು ಬದುಕಿನ ಹಾದಿಯನ್ನೇ ಬದಲಿಸುವ ಕ್ರಿಯೆಯೆಂದು ಬೇರೆ ಹೇಳಬೇಕಿಲ್ಲ. ‘ಒಡಂಬಡಿಕೆ’ಯಂತೂ ಅಚ್ಚಗನ್ನಡದ ಗೆಲುವು: ಇಬ್ಬರು ಮನಸಾರೆ ಒಪ್ಪಿದ ಮಾತೆಂಬ ಆಪ್ತತೆ ಅದರಲ್ಲಿದೆ.

ಎಲ್ಲ ಆಯ್ಕೆಗಳೂ ಹೀಗೆ ಫಲಿಸಿಲ್ಲ. ಪ್ರಭುವೆಂಬರ್ಥದ ಗ್ರೀಕಿನ ‘ಕೀರಿಯೊಸ್’ಗೆ ‘ಕರ್ತ’ನೆಂದಾಗ ಮಾಡುವವನೆಂಬ ಭಾವ ಮುಂದಾಗಿ, ಆಳು-ಒಡೆಯರ ಸಂಬಂಧ ಮಸುಕಾಗುತ್ತದೆ. ವಚನಕಾರರ ನಾಲಗೆಯಲ್ಲಿ ಪಳಗಿದ ‘ಒಡೆಯ’ ಹತ್ತಿರದಲ್ಲೇ ಇದ್ದಿತು. ಈ ಆಕ್ಷೇಪವನ್ನು ನಾವು ಗೌರವದಿಂದಲೇ ಮಾಡುತ್ತೇವೆ; ಸಾಹಿತ್ಯವೆಂದು ಒಪ್ಪಿಕೊಂಡ ಕೃತಿಯನ್ನೇ ಅಲ್ಲವೆ ಹೀಗೆ ತೂಗಿ ನೋಡುವುದು?

ಈ ಶ್ರಮದ ಹಿಂದಿನವರು ಯಾರು? 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್. ಅವರ ಸಹೋದ್ಯೋಗಿಯೂ ಕಿಟೆಲರಿಗಿಂತ ಎಷ್ಟೋ ಮೊದಲೇ, 1824 ಮತ್ತು 1832ರಲ್ಲಿ, ನಿಘಂಟುಗಳನ್ನು ಪ್ರಕಟಿಸಿದವರೂ ಆದ ವಿಲಿಯಂ ರೀವ್. ನೀಲಗಿರಿಯ ಕೇತಿಯಲ್ಲಿ ಬಾಸೆಲ್ ಮಿಷನಿಗಾಗಿ ದುಡಿದು, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿ, 1855ರಲ್ಲಿ ತೀರಿಕೊಂಡ ಗಾಟ್‌ಫ್ರೀಡ್ ವೈಗ್ಲೆ. ಇವರಿಗೆ ನುಡಿಯನ್ನು ಕಲಿಸಿ, ವಾಕ್ಯಗಳನ್ನು ತಿದ್ದಿದ ಮುನಷಿಗಳು ಮುಖಪುಟದ ಮೇಲೆ ಕಾಣಿಸಿಕೊಳ್ಳಲೇ ಇಲ್ಲ. ಪದಗಳ ನಾಡಿಮಿಡಿತ ತಿಳಿದಿದ್ದವರು ಅವರೇ.

ಗಡಿಯಾಚೆಗಿನ ಕನ್ನಡ ಶಾಲೆಯಿಂದಷ್ಟೇ ಉಳಿಯುವುದಿಲ್ಲ. ಹಾಡಿನಿಂದ, ಹರಕೆಯಿಂದ, ಪ್ರಾರ್ಥನೆಯಿಂದಲೂ ಉಳಿಯುತ್ತದೆ. ಯಾರ ದೇವರೆಂದು ಕೇಳುವ ಮೊದಲು ಯಾವ ಕನ್ನಡವೆಂದು ಕೇಳುವ ಓದು ನಮ್ಮ ಸಮ್ಮೇಳನಗಳಲ್ಲಿ ಬೆಳೆಯಲಿ. ಈ ಪುಟಗಳೂ ನಮ್ಮ ಮನೆಯ ಆಸ್ತಿಯೇ.