ಶತ್ರುವಿನ ಡೈರಿ ಓದಿದವರು

ಯುದ್ಧದ ಪುಸ್ತಕ ಕೈಗೆ ಬಂದಾಗಲೆಲ್ಲ ನನ್ನ ಕಣ್ಣು ಒಂದೇ ಪ್ರಶ್ನೆಯ ಬೆನ್ನು ಹತ್ತುತ್ತದೆ: ಎದುರಾಳಿಯ ಮನೋಬಲ ಎಷ್ಟು ಉಳಿದಿದೆ ಎಂದು ಆ ಹೊತ್ತಿನಲ್ಲಿ ಯಾರು, ಹೇಗೆ ಅಳೆದರು? ಈ ವಿದ್ಯೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಕೆಲಸ 1944–45ರ ವಾಷಿಂಗ್ಟನ್‌ನಲ್ಲಿ ನಡೆಯಿತು. ಅಮೆರಿಕದ ಯುದ್ಧ ಮಾಹಿತಿ ಕಚೇರಿಯ ಒಂದು ವಿಭಾಗ ಜಪಾನಿಯರ ಮನಸ್ಸನ್ನು ಓದಲು ಕೂತಿತ್ತು. ಮನೋವೈದ್ಯ ಅಲೆಕ್ಸಾಂಡರ್ ಲೇಟನ್ ಅದರ ಮುಖ್ಯಸ್ಥ; ಜೊತೆಗೆ ಮಾನವಶಾಸ್ತ್ರಜ್ಞರಾದ ಕ್ಲೈಡ್ ಕ್ಲುಕ್‌ಹಾನ್ ಮತ್ತು ರೂತ್ ಬೆನೆಡಿಕ್ಟ್. ಅರಿಜೋನಾದ ಪೋಸ್ಟನ್ ಬಂಧನ ಶಿಬಿರದಲ್ಲಿ ಲೇಟನ್ ಜೊತೆ ದುಡಿದಿದ್ದ ಜಪಾನಿ ಮೂಲದ ಅಮೆರಿಕನ್ನರೂ ತಂಡದಲ್ಲಿದ್ದರು.

ಜಪಾನಿಗೆ ಹೋಗಿ ನೋಡುವ ಹಾಗಿರಲಿಲ್ಲ. ಕೈಗೆ ಸಿಕ್ಕಿದ್ದು ರಣರಂಗದಲ್ಲಿ ದೊರೆತ ಡೈರಿಗಳು, ಪತ್ರಗಳು, ರೇಡಿಯೊ ಪ್ರಸಾರ, ಸೆರೆಯಾಳುಗಳ ಹೇಳಿಕೆ. ಡೈರಿ ಬರೆಯುವುದು ಜಪಾನಿ ಸೈನಿಕರಲ್ಲಿ ರೂಢಿಯಾಗಿತ್ತು. ಸೆರೆಸಿಕ್ಕುವುದೇ ಅವಮಾನ ಎಂದು ಹೇಳಿಕೊಟ್ಟಿದ್ದ ಸೈನ್ಯ, ಸಿಕ್ಕಿಬಿದ್ದರೆ ಬಾಯಿ ಹೇಗೆ ಬಿಗಿಹಿಡಿಯಬೇಕೆಂದು ಕಲಿಸಿರಲಿಲ್ಲ. ಹಾಗಾಗಿ ಸೆರೆಯಾಳುಗಳಲ್ಲಿ ಅನೇಕರು ಮನಬಿಚ್ಚಿ ಮಾತಾಡಿದರು.

ಲೇಟನ್ ತಂಡದ ಜಾಣ್ಮೆ ಇರುವುದು ಮನೋಬಲವನ್ನು ಬಿಡಿಬಿಡಿಯಾಗಿ ನೋಡಿದ್ದರಲ್ಲಿ. ಆಯುಧದ ಮೇಲಿನ ಭರವಸೆ, ಅಧಿಕಾರಿಯ ಮೇಲಿನ ನಂಬಿಕೆ, ಅನ್ನ, ಆರೋಗ್ಯ, ಗೆಲುವಿನ ನಿರೀಕ್ಷೆ, ಚಕ್ರವರ್ತಿಯ ಮೇಲಿನ ಭಕ್ತಿ, ಒಂದೊಂದನ್ನೂ ಬೇರೆಯಾಗಿ ತೂಗಿದರು. ಉಳಿದವು ಸಡಿಲವಾಗುತ್ತಿದ್ದರೂ ಭಕ್ತಿ ಅಲುಗಿರಲಿಲ್ಲ. ಪ್ರಚಾರದಲ್ಲಿ ಚಕ್ರವರ್ತಿಯನ್ನು ಹೀಗಳೆಯಬೇಡಿ ಎಂಬ ಸಲಹೆಗೆ ಇದೇ ಆಧಾರ. ನಾಗರಿಕರ ಸ್ಥೈರ್ಯವೂ ಕುಸಿಯುತ್ತಿದೆ ಎಂದು 1945ರಲ್ಲಿ ಅವರು ವರದಿ ಕೊಟ್ಟಾಗ, ಜಪಾನಿಯರು ಕೊನೆಯ ಉಸಿರಿನವರೆಗೂ ಒಂದೇ ಮನಸ್ಸಿನಿಂದ ಕಾದುತ್ತಾರೆಂದು ನಂಬಿದ್ದ ಮೇಲಿನವರು ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದ ಬಾಂಬ್ ದಾಳಿ ಸಮೀಕ್ಷೆ ಜಪಾನಿನ ಜನರನ್ನೇ ಕೇಳಿತು. ಗೆಲುವು ಸಾಧ್ಯವಿಲ್ಲ ಎಂದುಕೊಂಡಿದ್ದವರು 1944ರ ಡಿಸೆಂಬರ್‌ನಲ್ಲಿ ಶೇ 10, ಮರುವರ್ಷದ ಮಾರ್ಚ್‌ನಲ್ಲಿ ಶೇ 19, ಜೂನ್‌ನಲ್ಲಿ ಶೇ 46, ಶರಣಾಗತಿಯ ಮುನ್ನಾ ದಿನಗಳಲ್ಲಿ ಶೇ 68. ಸೋತ ನಂತರ ಕೇಳಿದ ಪ್ರಶ್ನೆಗೆ ಸೋಲಿನ ನೆನಪೂ ಬೆರೆತಿರುತ್ತದೆ. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಡೈರಿಗಳಾದರೋ ಸೋಲು ಖಚಿತವಾಗುವ ಮೊದಲೇ ಬರೆದವು. ಎರಡೂ ಒಂದೇ ದಿಕ್ಕನ್ನು ತೋರುವುದರಿಂದ ಲೇಟನ್ ತಂಡದ ಅಂದಾಜನ್ನು ನಾನು ನಂಬುತ್ತೇನೆ.

ಆದರೂ ಜುಲೈನಲ್ಲಿ ಜಪಾನ್ ಶರಣಾಗಲಿಲ್ಲ. ನಂಬಿಕೆ ಕಳೆದುಕೊಂಡವರೂ ಬೆಳಗಾದರೆ ಕಾರ್ಖಾನೆಗೆ ಹೋಗುತ್ತಿದ್ದರು. ಯುದ್ಧ ನಿಲ್ಲಿಸುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಇಂದಿನ ಯುದ್ಧಗಳಲ್ಲಿ ‘ಶತ್ರುವಿನ ಜನ ಸೋತುಹೋಗಿದ್ದಾರೆ’ ಎಂಬ ಸುದ್ದಿ ಬಂದಾಗಲೂ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು: ಜನರ ಮನಸ್ಸಿನಲ್ಲಿ ಏನಿದೆ? ಅದನ್ನು ಕೇಳಿಸಿಕೊಳ್ಳಲೇಬೇಕಾದ ಒತ್ತಡ ಆಳುವವರ ಮೇಲೆ ಇದೆಯೇ?