ನಡೆಯಬಲ್ಲವರ ಮರುಭೂಮಿ

ಅಮೆರಿಕದ ಎಡ್ವರ್ಡ್ ಆ್ಯಬಿಯ ‘ಡೆಸರ್ಟ್ ಸಾಲಿಟೇರ್’ 1968ರಲ್ಲಿ ಪ್ರಕಟವಾದ ಪುಸ್ತಕ. 1956 ಮತ್ತು 1957ರಲ್ಲಿ ಆತ ಯೂಟಾ ರಾಜ್ಯದ ಆರ್ಚಸ್ ಎಂಬ ಕಲ್ಲುಕಮಾನುಗಳ ಸೀಮೆಯಲ್ಲಿ ಸರ್ಕಾರದ ರೇಂಜರ್ ಆಗಿದ್ದ. ಆ ಒಂಟಿ ದಿನಗಳ ಕಥನವಿದು. ಹಾವು, ಜೂನಿಪರ್ ಮರ, ಸುಡುವ ಬಂಡೆ ಎಲ್ಲವನ್ನೂ ಆತ ಕಾಣಿಸುವ ಬಗೆ ಸೊಗಸಾದದ್ದು. ಆದರೆ ನನ್ನನ್ನು ಜಗಳಕ್ಕೆಳೆದದ್ದು ಮೋಟಾರು ವಾಹನಗಳ ಮೇಲೆ ಹರಿಹಾಯುವ ಅಧ್ಯಾಯ.

ರಾಷ್ಟ್ರೀಯ ಉದ್ಯಾನಗಳೊಳಗೆ ಕಾರು ಬೇಡ. ಜನ ನಡೆಯಲಿ, ಸೈಕಲ್ಲನ್ನೋ ಕುದುರೆಯನ್ನೋ ಏರಲಿ ಎಂಬುದು ಆತನ ವಾದ. ಹೊಸ ರಸ್ತೆಗಾಗಿ ಅಳತೆ ಮಾಡಿ ನೆಟ್ಟಿದ್ದ ಗೂಟಗಳನ್ನು ರಾತ್ರಿ ಕಿತ್ತುಹಾಕಿದ್ದನ್ನೂ ಹೇಳಿಕೊಳ್ಳುತ್ತಾನೆ. ಹಾಗಾದರೆ ಮಕ್ಕಳು, ಮುದುಕರು, ಅಶಕ್ತರ ಗತಿ? ಅವರಿಗಾಗಿ ಹೆಚ್ಚು ಮರುಗಬೇಕಿಲ್ಲವಂತೆ. ಮಕ್ಕಳಿಗೆ ಮುಂದೆ ಕಾಲವಿದೆ, ಮುದುಕರಿಗೆ ಹಿಂದೆ ಕಾಲವಿತ್ತು ಎಂಬ ಲೆಕ್ಕ! ಇದು ಗಟ್ಟಿ ಮೊಣಕಾಲಿನ ಗಂಡಸಿನ ಮಾತು ಎಂದು ಐವತ್ತು ದಾಟಿದ ನನಗೆ ಅನ್ನಿಸುತ್ತದೆ. ಮೇಲಾಗಿ ಆತ ಕೆಲಸಕ್ಕೆ ಓಡಾಡಿದ್ದು ಸರ್ಕಾರದ ಪಿಕಪ್ ಗಾಡಿಯಲ್ಲೇ.

ಹಾಗೆಂದು ಎದುರು ಪಕ್ಷದ ಮಾತೂ ಪೂರಾ ಪ್ರಾಮಾಣಿಕವಲ್ಲ. ಸಾರ್ವಜನಿಕ ಜಮೀನಿನಲ್ಲಿ ವಾಹನದ ಹಾದಿ ಮುಚ್ಚುವ ಮಾತು ಬಂದಾಗ, ಅವರು ಮುಂದೆ ತಂದು ನಿಲ್ಲಿಸುವುದು ನಡೆಯಲಾರದವರನ್ನು. ದಿಬ್ಬದ ಮೇಲೆ ಬೈಕು ಹಾರಿಸುವ ಕಸುವು ನನ್ನಂಥವರಿಗೆಲ್ಲಿದೆ?

ಆ್ಯಬಿ ಎಡವಿದ್ದು ಬೇರೊಂದು ಕಡೆ. ಆತ ವಿಚಾರಣೆಗೆ ನಿಲ್ಲಿಸುವುದು ವಾಹನದಲ್ಲಿ ಕುಳಿತವರ ಗುಣವನ್ನು. ಆದರೆ ನೆಲಕ್ಕೆ ಗುಣ ಗೊತ್ತಿಲ್ಲ, ಭಾರ ಗೊತ್ತು. ಆ ಸೀಮೆಯ ಮರಳಿನ ಮೇಲೆ ಸೂಕ್ಷ್ಮಜೀವಿಗಳು ಹೆಣೆದ ಕಪ್ಪು ಪದರವೊಂದಿದೆ. ಮಣ್ಣು ಗಾಳಿಗೆ ಹಾರಿಹೋಗದಂತೆ ಹಿಡಿದಿಡುವುದು ಅದೇ. ಚಕ್ರ ಹರಿದರೆ ಅದು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕಾಗಬಹುದು. ಹಾದಿ ಬಿಟ್ಟು ನಡೆದವರ ಬೂಟಿನಡಿಯೂ ಅದು ಒಡೆಯುತ್ತದೆ. ನಡೆಯುವವರೆಲ್ಲ ನಿರಪರಾಧಿಗಳೇನಲ್ಲ.

ಈ ದೃಷ್ಟಿಯಿಂದ 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆಜ್ಞೆ ಹೆಚ್ಚು ವಿವೇಕದ್ದು. ಸಾರ್ವಜನಿಕ ಜಮೀನಿನಲ್ಲಿ ವಾಹನ ಎಲ್ಲಿ ಹೋಗಬಹುದು, ಎಲ್ಲಿ ಕೂಡದು ಎಂದು ಗುರುತಿಸಿ, ಮಣ್ಣಿಗೆ, ಗಿಡಗಳಿಗೆ, ಪ್ರಾಣಿಗಳಿಗೆ ಆಗುವ ಹಾನಿಯನ್ನು ಆದಷ್ಟು ತಗ್ಗಿಸಬೇಕೆಂದು ಅದು ಹೇಳಿತು. ಹೆಚ್ಚು ಹಾನಿಯಾದ ಕಡೆ ಕೂಡಲೇ ಮುಚ್ಚಬೇಕೆಂದು 1977ರಲ್ಲಿ ಅಧ್ಯಕ್ಷ ಕಾರ್ಟರ್ ಸೇರಿಸಿದರು. ಇಲ್ಲಿ ಪ್ರಶ್ನೆ ಯಾರು ಬಂದರು ಎಂಬುದಲ್ಲ; ಯಾವ ಹಾದಿ, ಎಷ್ಟು ಗಾಯ ಎಂಬುದು. ನಡೆಯಲಾರದವರಿಗೂ ಒಂದು ಹಾದಿ ಉಳಿಯಲು ಇದರಲ್ಲಿ ಎಡೆಯಿದೆ.

ಸರ್ಕಾರಿ ಆಜ್ಞೆ ಓದಿ ಯಾರೂ ಮರುಭೂಮಿಯನ್ನು ಪ್ರೀತಿಸುವುದಿಲ್ಲ. ಅದಕ್ಕೆ ಆ್ಯಬಿಯನ್ನೇ ಓದಬೇಕು. ಯಾವ ಹಾದಿ ತೆರೆಯಬೇಕು ಎಂಬುದನ್ನು ಮಾತ್ರ ಅವನೊಬ್ಬನ ಕೈಗೆ ಬಿಡಬಾರದು.