ಇಳಿಸಿದ್ದು ಕಾರನ್ನೋ, ಕಾರಿನ ಮಾನವನ್ನೋ?

ಬೆಂಗಳೂರಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಇಟ್ಟುಕೊಂಡ ಹುಡುಗರಿಗೆ ಒಂದು ಕಣ್ಣುಕಿರಿ ಇದೆ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಇರುವ ಸಂದು. ಮುಷ್ಟಿ ತೂರುವಷ್ಟು ಜಾಗ! ಈ ಕಾರು ಯುರೋಪಿನಿಂದ ನಮ್ಮ ದೇಶಕ್ಕೆ ಬರುವಾಗ ನಮ್ಮ ರಸ್ತೆ ನೋಡಿ ಎತ್ತರಿಸಿ ಕಳಿಸಿದ್ರು. ಹಾಗಾಗಿ 2013ರಲ್ಲಿ ಬಂದ ಜಿಟಿ ಟಿಎಸ್‌ಐ, 105 ಕುದುರೆಶಕ್ತಿ ಇಟ್ಟುಕೊಂಡೂ, ಮಳೆಗಾಲದಲ್ಲಿ ಪಂಚೆ ಎತ್ತಿ ಕಟ್ಟಿದ ಯಜಮಾನರ ಹಾಗೆ ಕಾಣ್ತಿತ್ತು. ಅದನ್ನು ಇಳಿಸಬೇಕು ಅನ್ನೋ ಆಸೆ ತಪ್ಪಲ್ಲ. ನನಗೂ ಇಳಿಸಿದ ಪೋಲೋ ಚಂದ ಕಾಣುತ್ತೆ.

ನನ್ನ ತಕರಾರು ಇರೋದು ಆಸೆಯ ಮೇಲೆ ಅಲ್ಲ, ಅದಕ್ಕೆ ಕೊಡುವ ಕಾರಣದ ಮೇಲೆ. ಯಾರನ್ನೇ ಕೇಳಿ, "ಹ್ಯಾಂಡ್ಲಿಂಗ್‌ಗೋಸ್ಕರ ಇಳಿಸಿದೆ" ಅಂತಾರೆ. "ಚಂದಕ್ಕೆ" ಅನ್ನೋಕೆ ಯಾಕೋ ಸಂಕೋಚ. ಈ ಸಂಕೋಚವೇ ಅರ್ಧ ಅನಾಹುತಕ್ಕೆ ಮೂಲ ಅಂತ ನನ್ನ ವಾದ.

ಮೊದಲು ಹ್ಯಾಂಡ್ಲಿಂಗ್ ಲೆಕ್ಕ ನೋಡೋಣ. ತಿರುವಿನಲ್ಲಿ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತೆ. ಎಷ್ಟು ಹೋಗುತ್ತೆ ಅನ್ನೋದು ಕಾರಿನ ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ, ಎರಡು ಚಕ್ರಗಳ ನಡುವೆ ಎಷ್ಟು ಅಗಲ ಇದೆ ಅನ್ನೋದರ ಮೇಲೆ. ಕೇಂದ್ರ 550 ಮಿಲಿಮೀಟರ್ ಎತ್ತರದಲ್ಲಿದೆ ಅಂದ್ಕೊಳ್ಳಿ. 30 ಮಿಲಿಮೀಟರ್ ಇಳಿಸಿದ್ರೆ ಭಾರದ ಈ ವರ್ಗಾವಣೆ ಕಮ್ಮಿಯಾಗೋದು ಹೆಚ್ಚೆಂದರೆ ಶೇಕಡ 5 ಚಿಲ್ಲರೆ. ಇಲ್ಲ ಅಂತಲ್ಲ, ಲಾಭ ಇದೆ. ಆದ್ರೆ ಒಳ್ಳೆಯ ಟೈರ್ ಹಾಕಿಸಿದ್ರೆ ಇದಕ್ಕಿಂತ ಹೆಚ್ಚು ಸಿಗುತ್ತೆ.

ಇನ್ನೊಂದು ಕಡೆ ನಷ್ಟದ ಬಾಬ್ತು ಇದೆ. ಪೋಲೋ ಮುಂಭಾಗದಲ್ಲಿರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಕಾರನ್ನು ಇಳಿಸಿದಾಗ ಅದರ ಕೆಳಗಿನ ತೋಳಿನ ಕೋನ ಬದಲಾಗುತ್ತೆ. ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಬಾಡಿ ಇಳಿದಿದ್ದಕ್ಕಿಂತ ಜಾಸ್ತಿ ಕೆಳಗೆ ಹೋಗಿಬಿಡುತ್ತೆ. ಅಂದ್ರೆ ಬಾಡಿಯನ್ನು ವಾಲಿಸುವ ಸನ್ನೆಕೋಲು ಉದ್ದ ಆಯ್ತು. ವಾಲೋದು ಕಮ್ಮಿಯಾಗಲಿ ಅಂತ ಇಳಿಸಿದ ಕಾರು, ಸ್ಪ್ರಿಂಗ್ ಸಾಕಷ್ಟು ಗಟ್ಟಿ ಇಲ್ಲದಿದ್ರೆ, ಇನ್ನೂ ಜಾಸ್ತಿ ವಾಲಬಹುದು! ಜೊತೆಗೆ ಮುಂದಿನ ಚಕ್ರದ ಟೋ ಬದಲಾಗುತ್ತೆ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದ್ರೆ ಟೈರಿನ ಒಳ ಅಂಚು ಸದ್ದಿಲ್ಲದೆ ಸವೆಯುತ್ತೆ. ಹೊರಗಿನಿಂದ ನೋಡಿದ್ರೆ ಟೈರ್ ಹೊಸದೇ. ಹಿಂಭಾಗದಲ್ಲಿ ಟ್ವಿಸ್ಟ್ ಬೀಮ್ ಇರೋದ್ರಿಂದ ಅಲ್ಲಿ ಈ ಕಾಟ ಅಷ್ಟಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಸಸ್ಪೆನ್ಷನ್ ಆಡುವ ಜಾಗದ ಪ್ರಶ್ನೆ. ಚಕ್ರ ಮೇಲಕ್ಕೆ ಬರೋಕೆ 70 ಮಿಲಿಮೀಟರ್ ಜಾಗ ಇತ್ತು ಅಂತ ಉದಾಹರಣೆಗೆ ಇಟ್ಕೊಳ್ಳಿ. 40 ಇಳಿಸಿದ್ರಿ, ಉಳಿದಿದ್ದು 30. ಅದೂ ಮುಗಿದ ಮೇಲೆ ಬಂಪ್ ಸ್ಟಾಪ್ ಅನ್ನೋ ತುಂಡಿಗೆ ಹೋಗಿ ಗುದ್ದುತ್ತೆ. ನೇರ ರಸ್ತೆಯಲ್ಲಿ ಆದ್ರೆ ಸೊಂಟ ಹಿಡಿಯುತ್ತೆ, ಅಷ್ಟೆ. ತಿರುವಿನ ಮಧ್ಯದಲ್ಲಿ ಆದ್ರೆ ಆ ಚಕ್ರ ಇದ್ದಕ್ಕಿದ್ದಂತೆ ಕಲ್ಲಿನಷ್ಟು ಗಟ್ಟಿಯಾಗಿ ಟೈರು ಹಿಡಿತ ಬಿಡುತ್ತೆ. ಸ್ಟೇರಿಂಗ್ ಒಂದು ಕಡೆ, ಕಾರು ಇನ್ನೊಂದು ಕಡೆ. ಹ್ಯಾಂಡ್ಲಿಂಗ್‌ಗೋಸ್ಕರ ಇಳಿಸಿದ್ದು ಅಂದ್ರಲ್ಲ, ಅದು ಇದು.

ಇದಕ್ಕೂ ಕೆಳಗಿನ ಮೆಟ್ಟಿಲು ಸ್ಪ್ರಿಂಗ್ ಕೊಯ್ಯಿಸೋದು. ಗ್ರೈಂಡರ್ ಹಿಡಿದು ಒಂದೂವರೆ ಸುತ್ತು ಕತ್ತರಿಸಿದ್ರೆ ಕೆಲಸ ಮುಗೀತು, ಖರ್ಚೂ ಕಮ್ಮಿ. ಸುತ್ತು ಕಮ್ಮಿಯಾದಾಗ ಸ್ಪ್ರಿಂಗ್ ಗಟ್ಟಿಯಾಗೋದು ನಿಜ. ಆದ್ರೆ ಅದರ ತುದಿ ಇನ್ನು ಸೀಟಿನಲ್ಲಿ ಸರಿಯಾಗಿ ಕೂರಲ್ಲ. ಚಕ್ರ ಗಾಳಿಯಲ್ಲಿ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಹೊರಬರಬಹುದು. ಇದರ ಬಗ್ಗೆ ವಿಮರ್ಶೆ ಬೇಕಿಲ್ಲ. ಬೇಡ, ಅಷ್ಟೆ.

ಇನ್ನು ದಿನನಿತ್ಯದ ಓಡಾಟ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬೇಕು. ಪೋಲೋದ ಮುಂದಿನ, ಹಿಂದಿನ ಚಕ್ರಗಳ ನಡುವೆ ಇರೋದು ಎರಡೂವರೆ ಮೀಟರಿನ ಹತ್ತಿರ. ಹಾಗಾಗಿ ನಿಯಮದ ಉಬ್ಬಿನ ಮೇಲೆ ಇಡೀ ಕಾರೇ ನಿಂತ್ಕೊಳ್ಳುತ್ತೆ, ಹೊಟ್ಟೆ ತಾಗೋ ಮಾತೇ ಇಲ್ಲ. ನಮ್ಮ ಬಡಾವಣೆಗಳ ಉಬ್ಬು ಹಾಗಿರುತ್ತಾ? ರಾತ್ರೋರಾತ್ರಿ ಸುರಿದ ಡಾಂಬರಿನ ದಿಂಡು, ಒಂದು ಮೊಳ ಅಗಲ. ಮುಂದಿನ ಚಕ್ರ ದಾಟಿದ ಮೇಲೆ ಅದು ಸೀದಾ ಹೊಟ್ಟೆ ಕೆಳಗೆ ಬಂದು ಕೂರುತ್ತೆ. ಇಳಿಸಿದ ಕಾರಿನವನು ಅಲ್ಲಿ ಓರೆಯಾಗಿ, ತೆವಳ್ಕೊಂಡು ದಾಟಬೇಕು. ಹಿಂದೆ ಬಸ್ಸಿನವರು ಹಾರ್ನ್ ಹೊಡೀತಾ ಇರ್ತಾರೆ. ಹಿಂದಿನ ಸೀಟಲ್ಲಿ ಅಮ್ಮ "ಯಾಕಪ್ಪಾ, ಕಾರಿಗೇನಾಯ್ತು?" ಅಂತಿರ್ತಾರೆ. ಇಳಿಸಿದ್ದರ ಖರ್ಚಿನಲ್ಲಿ ಅವರ ಬೆನ್ನನ್ನೂ ಸೇರಿಸಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸೋದನ್ನು ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿದಿದೆ. ಮಾಡಿಸೋರು ಇದನ್ನು ತಿಳಿದೇ ಮಾಡಿಸಬೇಕು.

ಹಾಗಾದ್ರೆ ಚಂದಕ್ಕೆ ಅಂತ ಕಾರು ಇಳಿಸೋದು ಅಪರಾಧವಾ? ಇಲ್ಲಿ ಲಾಸ್ ಏಂಜಲೀಸಿನ ಲೋರೈಡರ್‌ಗಳ ಕಡೆ ನೋಡಿ. ಮೆಕ್ಸಿಕನ್ ಮೂಲದ ಹುಡುಗರು ಕಾರಿನ ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಇಳಿಸಿ, ಸಂಜೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಥರ ನಿಧಾನಕ್ಕೆ ಓಡಿಸ್ತಿದ್ರು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರ ಚಕ್ರದ ರಿಮ್ಮಿಗಿಂತ ಕೆಳಗೆ ಕಾರಿನ ಬಾಡಿ ಇಳಿಯಬಾರದು ಅಂತ ಕಾನೂನು ತಂತು. 1959ರ ಹೊತ್ತಿಗೆ ರಾನ್ ಅಗಿರ್ರೆ ಅನ್ನುವಾತ ತನ್ನ ಕಾರ್ವೆಟ್‌ಗೆ ಹೈಡ್ರಾಲಿಕ್ಸ್ ಹಾಕಿದ: ಬೇಕಾದಾಗ ಇಳಿಸು, ಪೊಲೀಸರು ಕಂಡಾಗ ಎತ್ತು! ಆ ರಾಜ್ಯದ ನಿರ್ಬಂಧ ಹೋಗಿದ್ದು 2024ರಲ್ಲಿ. ಅಷ್ಟು ವರ್ಷದಲ್ಲಿ ಅವರ್ಯಾರೂ ಹ್ಯಾಂಡ್ಲಿಂಗ್ ಹೆಸರು ಹೇಳಲಿಲ್ಲ. ನಿಧಾನಕ್ಕೆ ಹೋಗ್ತೀವಿ, ನೀವು ನೋಡಿ ಅಂದ್ರು. ಕಾರು ಇಳಿದಿತ್ತು, ಮಾನ ಎತ್ತರದಲ್ಲೇ ಇತ್ತು.

ಆ ಪ್ರಾಮಾಣಿಕತೆ ನಮ್ಮ ಹುಡುಗರಿಗೂ ಬಂದ್ರೆ ಎರಡು ಒಳ್ಳೇದಾಗುತ್ತೆ. ಚಂದಕ್ಕೆ ಅಂತ ಒಪ್ಪಿಕೊಂಡವನು ಆ ಕಾರನ್ನು ಘಾಟಿಯಲ್ಲಿ ರೇಸಿಗೆ ಬಿಡಲ್ಲ. ಹ್ಯಾಂಡ್ಲಿಂಗೇ ಬೇಕು ಅನ್ನೋನು 60 ಮಿಲಿಮೀಟರ್ ಇಳಿಸಲ್ಲ. 25ರಿಂದ 30ಕ್ಕೆ ನಿಲ್ಲಿಸಿ, ಆ ಸ್ಪ್ರಿಂಗಿಗೆ ಹೊಂದುವ ಡ್ಯಾಂಪರ್, ಸರಿಯಾದ ಅಳತೆಯ ಬಂಪ್ ಸ್ಟಾಪ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೋನವನ್ನೂ ಸರಿ ಮಾಡಿಸ್ತಾನೆ. ಹಳೇ ಡ್ಯಾಂಪರಿಗೆ ಗಟ್ಟಿ ಸ್ಪ್ರಿಂಗ್ ಮಾತ್ರ ತುರುಕಿದ್ರೆ ಕಾರು ಕುಣೀತಾನೇ ಇರುತ್ತೆ, ಯಾಕಂದ್ರೆ ಆ ಕುಣಿತ ತಡೆಯೋಕೆ ಡ್ಯಾಂಪರಿಗೆ ಶಕ್ತಿ ಇಲ್ಲ.

ಇಳಿಸಿದ ಕಾರಿನ ಗುಣ ಅಳೆಯೋಕೆ ನನ್ನ ಹತ್ರ ಒಂದೇ ಪರೀಕ್ಷೆ. ನಿಲ್ಲಿಸಿ ತೆಗೆದ ಫೋಟೋ ನೋಡಬೇಡಿ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಊರಿನ ಅಕ್ಕಿ ಮೂಟೆ ಇಟ್ಟುಕೊಂಡು, ತೇಪೆ ಹಾಕಿದ ರಸ್ತೆಯ ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಬೇಕಾಗಿ ಬಂದಾಗ ಅದು ಮೊದಲಿನಷ್ಟೇ ಸಲೀಸಾಗಿ ನಿಲ್ಲುತ್ತಾ? ನಿಂತ್ರೆ ಅದು ಕೆಲಸ ಬಲ್ಲವರು ಇಳಿಸಿದ ಕಾರು. ಇಲ್ಲಾಂದ್ರೆ ಆ ಮುಷ್ಟಿಯಗಲದ ಸಂದೇ ವಾಸಿ.